ಟೇಪ್ ಇಲ್ಲದ ಮಿಕ್ಸ್‌ಟೇಪ್: ಹಿಪ್‌ಹಾಪ್‌ನ ಹಳೆಯ ಪದಗಳನ್ನು ಓದುವ ಮತ್ತು ಬಳಸುವ ಕ್ರಮ

ಹಿಪ್‌ಹಾಪ್ ಕುರಿತ ಯಾವ ವಿಮರ್ಶೆಯನ್ನು ಓದಿದರೂ, ಯಾವ ಸಂದರ್ಶನವನ್ನು ಕೇಳಿದರೂ, ಈಗ ಹೆಚ್ಚಿನವರ ಮನೆಯಲ್ಲಿ ಇಲ್ಲದ ವಸ್ತುಗಳ ಹೆಸರುಗಳು ಅದರ ತುಂಬ ಕಾಣಿಸುತ್ತವೆ. ಫೋನಿನಲ್ಲಿ ಮಾತ್ರ ಸಿಗುವ ಹಾಡುಗಳ ಗುಚ್ಛವನ್ನು ಮಿಕ್ಸ್‌ಟೇಪ್ ಎನ್ನುತ್ತಾರೆ. ಎಂದೂ ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾಗದ ಹಾಡನ್ನು ರೆಕಾರ್ಡ್ ಎನ್ನುತ್ತಾರೆ. ಎರಡು ಮಗ್ಗುಲುಗಳೇ ಇಲ್ಲದ ಫೈಲಿಗೆ ಬಿ-ಸೈಡ್ ಎಂಬ ಹೆಸರು ಕೊಡುತ್ತಾರೆ. ಇವನ್ನೆಲ್ಲ ಬರಿಯ ರೂಢಿ ಎಂದು ದಾಟಿ ಹೋದರೆ ದೊಡ್ಡ ನಷ್ಟವೊಂದಿದೆ. ಈ ಸಂಗೀತ ಯಾವ ಯಂತ್ರದ ಮೇಲೆ, ಯಾವ ಇಕ್ಕಟ್ಟಿನಲ್ಲಿ, ಯಾರ ಕಣ್ಣು ತಪ್ಪಿಸಿ ಬೆಳೆಯಿತು ಎಂಬುದರ ನೆನಪು ಈ ಹೆಸರುಗಳಲ್ಲೇ ಉಳಿದುಕೊಂಡಿದೆ. ಹಿಪ್‌ಹಾಪ್ ಬಗ್ಗೆ ಬರೆಯುವವರು, ಹಳೆಯ ಹಾಡುಗಳನ್ನು ಹುಡುಕಿ ಕೇಳುವವರು, ಸ್ವತಃ ಹಾಡು ಮಾಡಿ ಬಿಡುಗಡೆ ಮಾಡಬೇಕೆಂದಿರುವವರು ಈ ಪದಗಳನ್ನು ಹೇಗೆ ಬಿಡಿಸಿಕೊಳ್ಳಬೇಕು ಮತ್ತು ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಪದವನ್ನು ಬಿಡಿಸುವ ಬಗೆ

ಹಳೆಯ ಪದವೊಂದು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಹೆಸರು ಹುಟ್ಟಿದಾಗ ಯಾವ ವಸ್ತುವನ್ನು ಸೂಚಿಸುತ್ತಿತ್ತು? ಆ ವಸ್ತು ಸಂಗೀತಗಾರರ ಮೇಲೆ ಯಾವ ಮಿತಿಯನ್ನು ಹೇರುತ್ತಿತ್ತು? ಅದು ಯಾವ ದಾರಿಯಲ್ಲಿ ಕೇಳುಗರ ಕೈ ಸೇರುತ್ತಿತ್ತು? ವಸ್ತು ಮರೆಯಾದ ಮೇಲೂ ಪದ ಬದುಕಿದೆ ಎಂದರೆ ಆ ಮಿತಿಯೋ ಆ ದಾರಿಯೋ ಅದನ್ನು ಕಾಪಾಡಿಕೊಂಡು ಬಂದಿರುತ್ತದೆ. ಎಲ್‌ಪಿ (ಲಾಂಗ್ ಪ್ಲೇ, ಹೆಚ್ಚು ಹೊತ್ತು ಓಡುವ ತಟ್ಟೆ) ಎಂಬಲ್ಲಿ ಉಳಿದಿರುವುದು ಉದ್ದದ ಮಿತಿ, ಮಿಕ್ಸ್‌ಟೇಪ್ ಎಂಬಲ್ಲಿ ಹಂಚಿಕೆಯ ದಾರಿ. ಇನ್ನು ಕೆಲವು ಪದಗಳಲ್ಲಿ, ವಿಶೇಷವಾಗಿ ಸ್ಟುಡಿಯೊದ ಮಾತಿನಲ್ಲಿ, ಕೈಗೆ ರೂಢಿಯಾದ ಒಂದು ಕೆಲಸದ ಕ್ರಮ ಮಾತ್ರ ಉಳಿದಿರುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕೆಲವು ಇಸವಿಗಳು ನೆನಪಿನಲ್ಲಿರಬೇಕು. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯನ್ನು ಕೊಲಂಬಿಯಾ ಕಂಪನಿ 1948ರಲ್ಲಿ ತಂದಿತು. 45 ಸುತ್ತಿನ ಏಳು ಇಂಚಿನ ಚಿಕ್ಕ ತಟ್ಟೆಯನ್ನು ಆರ್‌ಸಿಎ ವಿಕ್ಟರ್ 1949ರಲ್ಲಿ ತಂದಿತು. ಫಿಲಿಪ್ಸ್ ಕ್ಯಾಸೆಟ್ ಬಂದದ್ದು 1963ರಲ್ಲಿ. ಹನ್ನೆರಡು ಇಂಚಿನ ಸಿಂಗಲ್ (ಒಂದು ಮುಖ್ಯ ಹಾಡಿಗೆ ಮೀಸಲಾದ ತಟ್ಟೆ) ಅಂಗಡಿಗಳಲ್ಲಿ ಮಾರಾಟವಾಗತೊಡಗಿದ್ದು 1976ರಲ್ಲಿ, ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಆ್ಯಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿ ತೆರೆದದ್ದು 2003ರಲ್ಲಿ. ಹಿಪ್‌ಹಾಪ್‌ನ ಹುಟ್ಟನ್ನು ಸಾಮಾನ್ಯವಾಗಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ಸಂಖ್ಯೆಯ ಕಟ್ಟಡದಲ್ಲಿ, 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಕೂಟದಿಂದ ಎಣಿಸುತ್ತಾರೆ. ರ‍್ಯಾಪ್ ತಟ್ಟೆಯ ರೂಪದಲ್ಲಿ ಅಂಗಡಿಗೆ ಬಂದದ್ದು 1979ರಲ್ಲಿ. ನಡುವಿನ ಆರು ವರ್ಷ ಈ ಸಂಗೀತ ಬೇರೆಯವರ ತಟ್ಟೆಗಳನ್ನು ತಿರುಗಿಸಿ ಹುಟ್ಟಿಸಿದ ಕೂಟದ ಕಲೆಯಾಗಿತ್ತು. ಅದಕ್ಕಿದ್ದ ದಾಖಲೆ ಎಂದರೆ ಕೂಟಗಳಲ್ಲಿ ಯಾರೋ ಮುದ್ರಿಸಿಕೊಂಡ ಕ್ಯಾಸೆಟ್. ಟೇಪ್ ಎಂಬ ಪದಕ್ಕೆ ಹಿಪ್‌ಹಾಪ್‌ನಲ್ಲಿ ಇಷ್ಟೊಂದು ಗೌರವ ಇರುವುದರ ಮೂಲ ಇಲ್ಲಿದೆ. ಬೇರೆ ಹಲವು ಸಂಗೀತಗಳಲ್ಲಿ ತಟ್ಟೆ ಮೊದಲು ಬಂದು, ಕ್ಯಾಸೆಟ್ ಅದರ ನಕಲಾಗಿ ಬಂತು. ಇಲ್ಲಿ ಕ್ಯಾಸೆಟ್ಟೇ ಮೊದಲಿನದು.

ಮಿಕ್ಸ್‌ಟೇಪ್

ಈ ಒಂದು ಪದಕ್ಕೆ ಹೆಚ್ಚು ಸಮಯ ಕೊಡುವುದು ಅಗತ್ಯ, ಏಕೆಂದರೆ ಐವತ್ತು ವರ್ಷಗಳಲ್ಲಿ ಅದರ ಅರ್ಥ ಹಲವು ಬಾರಿ ಬದಲಾಗಿದೆ; ಬದಲಾದ ಪ್ರತಿ ಸಲವೂ ಹಿಂದಿನ ಅರ್ಥ ಪೂರ್ತಿ ಅಳಿಯದೆ ಉಳಿದುಕೊಂಡಿದೆ.

ಮೊದಲ ಹಂತದಲ್ಲಿ ಅದು ಕೂಟದ ಟೇಪ್: ಡಿಜೆ ನುಡಿಸಿದ್ದು, ಎಂಸಿಗಳು (ಮೈಕ್ ಹಿಡಿದು ಪ್ರಾಸ ಹೇಳುವವರು) ಕೂಗಿದ್ದು, ಜನರ ಗದ್ದಲ ಎಲ್ಲವೂ ಒಟ್ಟಿಗೆ ದಾಖಲಾದದ್ದು. ಕಾರುಗಳಲ್ಲಿ, ಹೆಗಲ ಮೇಲೆ ಹೊತ್ತು ತಿರುಗುವ ದೊಡ್ಡ ರೇಡಿಯೊಗಳಲ್ಲಿ ಅದು ಕೇಳಿಸುತ್ತಿತ್ತು, ನಕಲಿನಿಂದ ನಕಲಾಗಿ ಊರು ದಾಟುತ್ತಿತ್ತು. 1980ರ ದಶಕದ ಕೊನೆ ಮತ್ತು 90ರ ದಶಕದ ಆರಂಭದಲ್ಲಿ ಬ್ರೂಸಿ ಬಿ, ಕಿಡ್ ಕ್ಯಾಪ್ರಿ, ರಾನ್ ಜಿ ಮುಂತಾದ ಡಿಜೆಗಳು ಹಾಡುಗಳನ್ನು ಒಂದಕ್ಕೊಂದು ಹೆಣೆದು ಮಾರುತ್ತಿದ್ದ ಕ್ಯಾಸೆಟ್ಟುಗಳಿಗೆ ಈ ಹೆಸರು ಅಂಟಿತು. ಆಗ ಮಿಕ್ಸ್‌ಟೇಪಿನ ಮಾಲೀಕ ಡಿಜೆ, ರ‍್ಯಾಪರ್ ಅತಿಥಿ. 90ರ ದಶಕದ ನಡುವೆ ಡಿಜೆ ಕ್ಲೂ ಥರದವರು ಇನ್ನೂ ಬಿಡುಗಡೆಯಾಗದ ಹಾಡುಗಳನ್ನೂ ಹೊಸ ಫ್ರೀಸ್ಟೈಲ್‌ಗಳನ್ನೂ (ಬಿಡಿಯಾಗಿ ಹೇಳಿದ ರ‍್ಯಾಪ್ ಪದ್ಯಗಳನ್ನೂ) ಮುಂದಿಟ್ಟಾಗ ಹೆಣಿಗೆಗಿಂತ ಸರಕಿನ ಹೊಸತನವೇ ಮುಖ್ಯವಾಯಿತು. 2002ರಲ್ಲಿ 50 ಸೆಂಟ್, ತನ್ನನ್ನು ಕೈಬಿಟ್ಟಿದ್ದ ಕಂಪನಿಯ ನೆರವಿಲ್ಲದೆ, ಬೇರೆಯವರ ಬೀಟ್‌ಗಳ (ಹಿನ್ನೆಲೆ ಸಂಗೀತದ) ಮೇಲೆ ತನ್ನ ಹಾಡು ಕಟ್ಟಿ ಮಿಕ್ಸ್‌ಟೇಪ್‌ಗಳ ಮೂಲಕ ಬೀದಿಗಿಳಿದಾಗ ಮಾಲೀಕತ್ವ ಡಿಜೆಯ ಕೈಯಿಂದ ರ‍್ಯಾಪರ್ ಕೈಗೆ ದಾಟಿತು.

ಗಮನಿಸಬೇಕಾದ ಸಂಗತಿ ಎಂದರೆ, ಅಷ್ಟು ಹೊತ್ತಿಗೆ ಟೇಪ್ ಹೋಗಿ ಸಿಡಿ ಬಂದಾಗಿತ್ತು. 2007ರ ಜನವರಿ 16ರಂದು ಅಟ್ಲಾಂಟಾದಲ್ಲಿ ಡಿಜೆ ಡ್ರಾಮಾ ಮತ್ತು ಡಾನ್ ಕ್ಯಾನನ್ ಅವರ ಕಚೇರಿಯ ಮೇಲೆ ಪೊಲೀಸ್ ದಾಳಿ ನಡೆದಾಗ ವಶಪಡಿಸಿಕೊಂಡ ಸಾವಿರಾರು ಮಿಕ್ಸ್‌ಟೇಪ್‌ಗಳು ಸಿಡಿಗಳಾಗಿದ್ದವು. ತಮ್ಮ ಕಲಾವಿದರಿಗೆ ಪ್ರಚಾರ ಸಿಗಲೆಂದು ಧ್ವನಿಮುದ್ರಣ ಕಂಪನಿಗಳು ಇಂಥ ಮಿಕ್ಸ್‌ಟೇಪ್‌ಗಳನ್ನು ಒಳಗೊಳಗೇ ಪ್ರೋತ್ಸಾಹಿಸುತ್ತಿದ್ದ ಕಾಲದಲ್ಲೇ, ಅದೇ ಉದ್ಯಮದ ಸಂಘವಾದ ಆರ್‌ಐಎಎ ಈ ದಾಳಿಗೆ ನೆರವಾಯಿತು ಎಂಬುದು ಆ ಪದದೊಳಗಿನ ಒಳಜಗಳವನ್ನು ಚೆನ್ನಾಗಿ ತೋರಿಸುತ್ತದೆ. 2005ರಲ್ಲಿ ಶುರುವಾದ ಡ್ಯಾಟ್‌ಪಿಫ್ ಜಾಲತಾಣದ ಮೂಲಕ ಮಿಕ್ಸ್‌ಟೇಪ್ ಸಿಡಿಯನ್ನೂ ಕಳಚಿಕೊಂಡು ಉಚಿತವಾಗಿ ಇಳಿಸಿಕೊಳ್ಳುವ ಕಡತವಾಯಿತು. ಕೊನೆಯ ತಿರುವು 2015ರ ಆಸುಪಾಸಿನದು: ಡ್ರೇಕ್ ಆ ವರ್ಷ ತಾನು ಮಿಕ್ಸ್‌ಟೇಪ್ ಎಂದು ಕರೆದದ್ದನ್ನು ಹಣಕ್ಕೆ ಮಾರಿದ. 2016ರಲ್ಲಿ ಗ್ರ್ಯಾಮಿ ಪ್ರಶಸ್ತಿಯ ನಿಯಮ ಬದಲಾಗಿ, ಮಾರಾಟಕ್ಕಿಲ್ಲದೆ ಸ್ಟ್ರೀಮಿಂಗ್‌ನಲ್ಲಿ ಮಾತ್ರ ಸಿಗುವ ಕೃತಿಗಳಿಗೂ ಅವಕಾಶ ದೊರೆಯಿತು. 2017ರ ಫೆಬ್ರವರಿಯಲ್ಲಿ ಚಾನ್ಸ್ ದ ರ‍್ಯಾಪರ್‌ನ ಮಿಕ್ಸ್‌ಟೇಪ್ ಅತ್ಯುತ್ತಮ ರ‍್ಯಾಪ್ ಆಲ್ಬಂ ಎಂಬ ಪ್ರಶಸ್ತಿ ಪಡೆಯಿತು. ಅದೇ ವರ್ಷ ಡ್ರೇಕ್ ತನ್ನ ಹೊಸ ಕೃತಿಯನ್ನು ಆಲ್ಬಮ್ಮೂ ಅಲ್ಲ, ಮಿಕ್ಸ್‌ಟೇಪೂ ಅಲ್ಲ, ಪ್ಲೇಲಿಸ್ಟ್ ಎಂದು ಕರೆದ. ಅದು ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಹೀಗಿರುವಾಗ ಮಿಕ್ಸ್‌ಟೇಪ್ ಎಂಬ ಪದವನ್ನು ಓದುವಾಗ ಮೊದಲು ಇಸವಿಯನ್ನು ನೋಡಿ. 1985ರದ್ದಾದರೆ ಕೂಟದ ದಾಖಲೆ ಇರಬಹುದು. 1993ರದ್ದಾದರೆ ಡಿಜೆಯ ಹೆಣಿಗೆ. 2007ರದ್ದಾದರೆ ಬೇರೆಯವರ ಬೀಟ್ ಮೇಲಿನ ರ‍್ಯಾಪ್ ಅಥವಾ ಆಲ್ಬಮ್ಮಿಗೆ ಮುಂಚಿನ ಪ್ರಚಾರ. 2017ರದ್ದಾದರೆ, ‘ಇದನ್ನು ನನ್ನ ಮುಖ್ಯ ಕೃತಿಯ ಅಳತೆಗೋಲಿನಿಂದ ಅಳೆಯಬೇಡಿ’ ಎಂಬ ಕಲಾವಿದರ ಕೋರಿಕೆ. ಬರೆಯುವಾಗ ಕಲಾವಿದರು ಬಳಸಿದ ಹೆಸರನ್ನೇ ಬಳಸಿ, ಆದರೆ ಅದು ಹಣಕ್ಕೆ ಮಾರಾಟವಾಯಿತೇ, ಉಚಿತವಾಗಿ ಬಂತೇ, ಬೀಟ್‌ಗಳು ಸ್ವಂತದವೇ ಎಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಿ. ಈ ಒಂದು ವಾಕ್ಯ ಇಲ್ಲದ ವಿಮರ್ಶೆ ಓದುಗರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆ ಕೇಳುಗರಿಗೆ. ಉಚಿತವಾಗಿ ಬಂದ ಮಿಕ್ಸ್‌ಟೇಪಿನಲ್ಲಿ ಅನುಮತಿ ಪಡೆಯದ ಸ್ಯಾಂಪಲ್‌ಗಳು (ಬೇರೆ ಹಾಡುಗಳಿಂದ ತೆಗೆದು ಮರುಬಳಸಿದ ತುಣುಕುಗಳು) ಸಾಮಾನ್ಯ. ಅದೇ ಕೃತಿ ವರ್ಷಗಳ ನಂತರ ಸ್ಟ್ರೀಮಿಂಗ್‌ಗೆ ಬಂದಾಗ ಅವು ಕತ್ತರಿಸಿ ಹೋಗಿರುತ್ತವೆ. ಚಾನ್ಸ್‌ನ 2013ರ ಮಿಕ್ಸ್‌ಟೇಪ್ 2019ರಲ್ಲಿ ಸ್ಟ್ರೀಮಿಂಗ್‌ಗೆ ಬಂದಾಗ, ಸ್ಯಾಂಪಲ್‌ಗೆ ಅನುಮತಿ ಸಿಗದ ಒಂದು ಹಾಡಿನ ಜಾಗದಲ್ಲಿ ಅರ್ಧ ನಿಮಿಷದ ವಿವರಣೆಯಷ್ಟೇ ಇತ್ತು. ಲಿಲ್ ವೇಯ್ನ್‌ನ 2009ರ ಹೆಸರಾಂತ ಮಿಕ್ಸ್‌ಟೇಪ್ ಕೂಡ 2020ರಲ್ಲಿ ಸ್ಟ್ರೀಮಿಂಗ್‌ಗೆ ಬಂದಾಗ ಅದರ ಎಲ್ಲ ಹಾಡುಗಳೂ ಜೊತೆಗೆ ಬರಲಿಲ್ಲ. ಆದ್ದರಿಂದ ಹಳೆಯ ಮಿಕ್ಸ್‌ಟೇಪ್ ಕೇಳುವ ಮೊದಲು ಮೂಲ ಹಾಡುಪಟ್ಟಿಯನ್ನು ಹುಡುಕಿ, ಈಗ ಸಿಗುವ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಯಾವುದು ಬಿಟ್ಟುಹೋಗಿದೆ ಎಂದು ತಿಳಿಯದೆ ಮೂಲವನ್ನು ಕೇಳಿದ್ದೇವೆ ಎಂದು ಹೇಳಲಾಗುವುದಿಲ್ಲ.

ಟೇಪ್ ಎಂಬ ಒಂಟಿ ಪದ ಎಲ್ಲ ಕಡೆಯೂ ಮಿಕ್ಸ್‌ಟೇಪಿನ ಸಂಕ್ಷೇಪವಲ್ಲ. ರೇಕ್ವಾನ್‌ನ 1995ರ ಆಲ್ಬಮ್ಮನ್ನು ಅಭಿಮಾನಿಗಳು ನೇರಳೆ ಟೇಪ್ ಎನ್ನುವುದು ಅದರ ಕ್ಯಾಸೆಟ್ಟಿನ ಪ್ಲಾಸ್ಟಿಕ್ ನಿಜವಾಗಿಯೂ ನೇರಳೆಯಾಗಿದ್ದರಿಂದ. ಹ್ಯೂಸ್ಟನ್ನಿನ ಸ್ಕ್ರೂ ಟೇಪ್‌ಗಳ ಕಥೆಯೂ ಬೇರೆ. 2000ದ ನವೆಂಬರಿನಲ್ಲಿ ತೀರಿಕೊಂಡ ಡಿಜೆ ಸ್ಕ್ರೂ, ಒಂದೇ ತಟ್ಟೆಯ ಎರಡು ಪ್ರತಿಗಳನ್ನು ತುಸು ಹಿಂದೆಮುಂದೆ ಓಡಿಸಿ ಪದಗಳು ಮರುಕಳಿಸುವಂತೆ ಮಾಡಿ, ಇಡೀ ಮುದ್ರಣದ ವೇಗವನ್ನು ತಗ್ಗಿಸಿ, ಬೂದು ಬಣ್ಣದ ಕ್ಯಾಸೆಟ್ಟುಗಳಲ್ಲಿ ಮಾರುತ್ತಿದ್ದ. ಈಗ ಯಾವುದೇ ಹಾಡಿನ ವೇಗ ತಗ್ಗಿಸಿ, ಒಂದಿಷ್ಟು ಪ್ರತಿಧ್ವನಿ ಸೇರಿಸಿ ಅದನ್ನು ಸ್ಕ್ರೂಡ್ ಎನ್ನುವವರಿದ್ದಾರೆ. ಕತ್ತರಿಸಿ ಮರುಕಳಿಸುವ ಕೈಚಳಕ ಇಲ್ಲದಿದ್ದರೆ ಆ ಪದವನ್ನು ಬಳಸಬೇಡಿ. ನಿಧಾನಗೊಳಿಸಿದ ಹಾಡು ಎಂದರೆ ಸಾಕು.

ಹನ್ನೆರಡು ಇಂಚು, ಎರಡು ಮಗ್ಗುಲು

ಏಳು ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷದ ಹಾಡು ಚೆನ್ನಾಗಿ ಕೂರುತ್ತದೆ. ಅದೇ ಹಾಡನ್ನು ಹನ್ನೆರಡು ಇಂಚಿನ ತಟ್ಟೆಯ ಮೇಲೆ ಹರಡಿದರೆ ಗೀರುಗಳ ನಡುವೆ ಜಾಗ ಹೆಚ್ಚುತ್ತದೆ, ಸದ್ದನ್ನು ಏರಿಸಬಹುದು, ತಗ್ಗುಸ್ವರಗಳು ಗಟ್ಟಿಯಾಗಿ ಬರುತ್ತವೆ, ಬೇಕೆಂದರೆ ಹಾಡನ್ನು ಉದ್ದವೂ ಮಾಡಬಹುದು. ಶುಗರ್‌ಹಿಲ್ ಗ್ಯಾಂಗ್ 1979ರಲ್ಲಿ ತಂದ, ರ‍್ಯಾಪನ್ನು ಬ್ರಾಂಕ್ಸ್‌ನ ಆಚೆಗೆ ಒಯ್ದ ಹಾಡಿನ ಪೂರ್ಣ ರೂಪ ಹದಿನಾಲ್ಕು ನಿಮಿಷವನ್ನು ದಾಟುತ್ತದೆ. ಹನ್ನೆರಡು ಇಂಚಿನ ಸಿಂಗಲ್ ಇರದಿದ್ದರೆ ಅದು ಆ ರೂಪದಲ್ಲಿ ಅಂಗಡಿಗೆ ಬರುತ್ತಿರಲಿಲ್ಲ.

ಈ ತಟ್ಟೆಯಲ್ಲಿ ಉಳಿದ ಜಾಗವನ್ನು ರ‍್ಯಾಪ್ ಕಂಪನಿಗಳು ತುಂಬಿದ ರೀತಿಯಿಂದಲೇ ಇಂದಿನ ಹಲವು ಪದಗಳು ಬಂದಿವೆ. ಮುಖ್ಯ ಹಾಡು, ಬೈಗುಳ ತೆಗೆದ ರೇಡಿಯೊ ರೂಪ, ಧ್ವನಿಯಿಲ್ಲದ ಇನ್‌ಸ್ಟ್ರುಮೆಂಟಲ್, ಕೆಲವೊಮ್ಮೆ ವಾದ್ಯವಿಲ್ಲದ ಅಕಪೆಲಾ, ಇವೆಲ್ಲ ಒಂದೇ ತಟ್ಟೆಯಲ್ಲಿ ಇರುತ್ತಿದ್ದವು. ಇನ್‌ಸ್ಟ್ರುಮೆಂಟಲ್ ಇದ್ದುದರಿಂದ ಇನ್ನೊಬ್ಬ ರ‍್ಯಾಪರ್ ಅದರ ಮೇಲೆ ತನ್ನ ಪದ್ಯ ಹೇಳಬಹುದಿತ್ತು. ಅಕಪೆಲಾ ಇದ್ದುದರಿಂದ ಇನ್ನೊಬ್ಬ ನಿರ್ಮಾಪಕ ಅದರ ಕೆಳಗೆ ತನ್ನ ಬೀಟ್ ಇಡಬಹುದಿತ್ತು. ಜೇ-ಝಿಯ 2003ರ ಆಲ್ಬಮ್ಮಿನ ಅಕಪೆಲಾ ರೂಪ ಹೊರಬಂದಿದ್ದರಿಂದಲೇ 2004ರಲ್ಲಿ ಡೇಂಜರ್ ಮೌಸ್ ಆ ಧ್ವನಿಯನ್ನು ಬೀಟಲ್ಸ್ ಸಂಗೀತದ ತುಣುಕುಗಳ ಜೊತೆ ಬೆಸೆಯಲು ಸಾಧ್ಯವಾಯಿತು. ಹೊಸದಾಗಿ ಹಾಡು ಬಿಡುಗಡೆ ಮಾಡುವವರಿಗೆ ಇಲ್ಲೊಂದು ಪಾಠವಿದೆ. ತಟ್ಟೆ ಇಲ್ಲವೆಂದು ಈ ನಾಲ್ಕು ರೂಪಗಳನ್ನು ಬಿಟ್ಟುಬಿಡಬೇಡಿ. ಅಂತಿಮ ಮಿಶ್ರಣ ಮುಗಿದ ದಿನವೇ ನಾಲ್ಕನ್ನೂ ಬೇರೆಬೇರೆಯಾಗಿ ತೆಗೆದಿಟ್ಟುಕೊಳ್ಳಿ. ವೇದಿಕೆಗೆ ಇನ್‌ಸ್ಟ್ರುಮೆಂಟಲ್, ರೇಡಿಯೊಗೆ ಶುದ್ಧ ರೂಪ, ರೀಮಿಕ್ಸ್‌ಗೆ ಅಕಪೆಲಾ ಇಂದಿಗೂ ಬೇಕು.

ಬಿ-ಸೈಡ್ ಎಂದರೆ ತಟ್ಟೆಯ ಹಿಂಬದಿ, ಕಂಪನಿ ಹೆಚ್ಚು ಭರವಸೆ ಇಡದ ಹಾಡಿನ ಜಾಗ. ಅಲ್ಲಿ ಕಾವಲು ಕಡಿಮೆ, ಆದ್ದರಿಂದ ಸ್ವಾತಂತ್ರ್ಯ ಹೆಚ್ಚು. ವಿನ್‌ಸ್ಟನ್ಸ್ ತಂಡದ 1969ರ ಸಿಂಗಲ್ ಒಂದರ ಹಿಂಬದಿಯಲ್ಲಿದ್ದ ‘ಆಮೆನ್, ಬ್ರದರ್’ ಎಂಬ ವಾದ್ಯಗೀತೆಯಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ ತುಣುಕು, ಅತಿ ಹೆಚ್ಚು ಮರುಬಳಕೆಯಾದ ಸ್ಯಾಂಪಲ್‌ಗಳಲ್ಲಿ ಒಂದು. 1990ರ ದಶಕದಲ್ಲಿ ನೊಟೋರಿಯಸ್ ಬಿಐಜಿ ಮತ್ತು ಟುಪಾಕ್ ನಡುವಿನ ವೈರವನ್ನು ಉರಿಸಿದ ಎರಡು ಹಾಡುಗಳೂ ಬಿ-ಸೈಡ್‌ಗಳಾಗಿಯೇ ಬಂದವು. ಇಂದು ಯಾರಾದರೂ ತಮ್ಮ ಹಾಡನ್ನು ಬಿ-ಸೈಡ್ ಎಂದರೆ ಆಲ್ಬಮ್ಮಿನಿಂದ ಹೊರಗುಳಿದದ್ದು ಎಂದಷ್ಟೇ ಅರ್ಥ ಮಾಡಿಕೊಳ್ಳಿ. ಹಳೆಯ ತಟ್ಟೆಯ ವಿಷಯದಲ್ಲಾದರೆ ಮುಂಬದಿಯಲ್ಲಿ ಯಾವ ಹಾಡಿತ್ತು ಎಂಬುದನ್ನು ಕಡ್ಡಾಯವಾಗಿ ಜೊತೆಗೆ ಹೇಳಿ. ಆ ಜೋಡಿಯನ್ನು ನೋಡಿದರೆ ಕಂಪನಿ ಯಾವುದನ್ನು ಮಾರಲು ಹೊರಟಿತ್ತು ಎಂಬುದು ತಿಳಿಯುತ್ತದೆ.

ಮಗ್ಗುಲುಗಳು ಆಲ್ಬಮ್ಮಿನ ರಚನೆಯನ್ನೂ ತಿದ್ದಿವೆ. ವು-ಟಾಂಗ್ ಕ್ಲ್ಯಾನ್ 1993ರ ತನ್ನ ಮೊದಲ ಆಲ್ಬಮ್ಮಿನ ಎರಡು ಮಗ್ಗುಲುಗಳಿಗೆ ಎರಡು ಖಡ್ಗಗಳ ಹೆಸರಿಟ್ಟಿತು. ನಾಸ್ 1994ರ ತನ್ನ ಮೊದಲ ಆಲ್ಬಮ್ಮಿನ ಮಗ್ಗುಲುಗಳಿಗೆ ತಾನು ಬೆಳೆದ ಕ್ವೀನ್ಸ್‌ಬ್ರಿಡ್ಜ್ ವಸತಿಯ ಬೀದಿಗಳ ಹೆಸರಿಟ್ಟ. ಹತ್ತು ಹಾಡುಗಳಲ್ಲಿ ಐದನೆಯದಾದ ‘ಹಾಫ್‌ಟೈಮ್’ ಮೊದಲ ಮಗ್ಗುಲಿನ ಕೊನೆಯಲ್ಲಿ ಬರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಆರನೆಯ ಹಾಡು ತಡೆಯಿಲ್ಲದೆ ಹಿಂಬಾಲಿಸುತ್ತದೆ, ಮಗ್ಗುಲು ತಿರುಗಿಸುವಾಗಿನ ಬಿಡುವು ಕಾಣೆಯಾಗುತ್ತದೆ. ಆ ಕಾಲದ ಆಲ್ಬಂ ಕೇಳುವಾಗ ಮೊದಲ ಮಗ್ಗುಲು ಎಲ್ಲಿ ಮುಗಿಯುತ್ತಿತ್ತು ಎಂದು ತಿಳಿದುಕೊಂಡು ಅಲ್ಲಿ ನಿಲ್ಲಿಸಿ, ಒಂದು ನಿಮಿಷದ ನಂತರ ಮುಂದುವರಿಸಿ. ಆರಂಭ ಎರಡಿವೆ, ಮುಕ್ತಾಯವೂ ಎರಡಿವೆ ಎಂಬುದು ಆಗ ಕಿವಿಗೇ ತಿಳಿಯುತ್ತದೆ.

ಎಲ್‌ಪಿ, ಇಪಿ, ಆಲ್ಬಂ

ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಲ್ಬಂ ಎಂಬ ಹೆಸರು ಎಲ್‌ಪಿಗಿಂತ ಹಳೆಯದು. 78 ಸುತ್ತಿನ ತಟ್ಟೆಗಳನ್ನು ಚಿತ್ರಸಂಪುಟದಂತೆ ಹೊಲಿದ ರಟ್ಟಿನ ಪುಸ್ತಕದಲ್ಲಿ ಇಡುತ್ತಿದ್ದುದರಿಂದ ಬಂದದ್ದು. ಎಲ್‌ಪಿಯ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷದಷ್ಟು, ಸಿಡಿಯಲ್ಲಿ 74ರಿಂದ 80 ನಿಮಿಷ. 90ರ ದಶಕದ ಕೊನೆಯ ರ‍್ಯಾಪ್ ಆಲ್ಬಮ್‌ಗಳು ಇಪ್ಪತ್ತು ಹಾಡುಗಳನ್ನೂ ನಡುವೆ ಕಿರುಪ್ರಹಸನಗಳನ್ನೂ ತುಂಬಿಕೊಂಡದ್ದಕ್ಕೆ ಸಿಡಿಯಲ್ಲಿದ್ದ ಜಾಗವೂ ಒಂದು ಕಾರಣ. ಇಂದು ಈ ಪದಗಳು ಹಾಡಿನ ಸಂಖ್ಯೆಯನ್ನೂ ಅವಧಿಯನ್ನೂ ಸೂಚಿಸುತ್ತವೆ. ಹಾಡು ವಿತರಿಸುವ ಸೇವೆಗಳಲ್ಲಿ ಸಾಮಾನ್ಯವಾಗಿ ಮೂರು ಹಾಡಿನವರೆಗೆ ಸಿಂಗಲ್, ನಾಲ್ಕರಿಂದ ಆರು ಹಾಡುಗಳಿದ್ದು ಅರ್ಧ ಗಂಟೆ ಮೀರದಿದ್ದರೆ ಇಪಿ (ಎಕ್ಸ್‌ಟೆಂಡೆಡ್ ಪ್ಲೇ), ಅದಕ್ಕಿಂತ ಹೆಚ್ಚಾದರೆ ಆಲ್ಬಂ ಎಂದು ಎಣಿಸುತ್ತಾರೆ. ಗ್ರ್ಯಾಮಿಯ ನಿಯಮದಲ್ಲಿ ಆಲ್ಬಮ್ಮಿಗೆ ಕನಿಷ್ಠ ಐದು ಹಾಡು ಮತ್ತು ಹದಿನೈದು ನಿಮಿಷ ಇದ್ದರೆ ಸಾಕು. ಪುಷಾ ಟಿಯ 2018ರ ಆಲ್ಬಮ್ಮಿನಲ್ಲಿ ಏಳೇ ಹಾಡು, ಒಟ್ಟು 21 ನಿಮಿಷ. ಅದು ಇಪಿಯೋ ಆಲ್ಬಮ್ಮೋ ಎಂಬ ಚರ್ಚೆ ವ್ಯರ್ಥ; ಬಿಡುಗಡೆ ಮಾಡಿದವರ ಹೆಸರನ್ನು ಒಪ್ಪಿ, ಅವಧಿಯನ್ನು ನಮೂದಿಸಿ.

ಸ್ಟುಡಿಯೊದ ಮಾತು

ಟೇಪಿನ ಯಂತ್ರವನ್ನೇ ಕಾಣದ ರ‍್ಯಾಪರ್ ಕೂಡ ಪಂಚ್-ಇನ್ ಮಾಡುತ್ತೇನೆ ಎನ್ನುತ್ತಾರೆ. ಟೇಪ್ ಓಡುತ್ತಿರುವಾಗ, ತಪ್ಪಿದ ಸಾಲು ಬರುವ ಹೊತ್ತಿಗೆ ಸರಿಯಾಗಿ ಮುದ್ರಣದ ಗುಂಡಿ ಒತ್ತಿ, ಆ ಸಾಲನ್ನಷ್ಟೇ ಹಳೆಯದರ ಮೇಲೆ ಮತ್ತೆ ಮುದ್ರಿಸುವುದು ಇದರ ಮೂಲ ಅರ್ಥ. ಗುಂಡಿ ಕ್ಷಣ ಮೊದಲಾದರೆ ಚೆನ್ನಾಗಿದ್ದ ಸಾಲೂ ಅಳಿಸಿಹೋಗುತ್ತಿತ್ತು. ಅದು ತಪ್ಪು ತಿದ್ದುವ ಅಪಾಯದ ಕೆಲಸ. ಕಂಪ್ಯೂಟರಿನಲ್ಲಿ ಏನೂ ಅಳಿಯುವುದಿಲ್ಲವಾದ್ದರಿಂದ ಅದೇ ಕ್ರಮ ಈಗ ರಚನೆಯ ವಿಧಾನವಾಗಿದೆ: ಬರೆದುಕೊಳ್ಳದೆ, ಬೀಟ್ ಕೇಳುತ್ತ ಒಂದು ಸಾಲು ಹೇಳಿ ನಿಲ್ಲಿಸಿ, ಮುಂದಿನ ಸಾಲು ಹೊಳೆದ ಮೇಲೆ ಅಲ್ಲಿಂದ ಮುಂದುವರಿಸುವುದು. ಸಾಲುಗಳ ನಡುವೆ ಉಸಿರಿಗೆ ಜಾಗವೇ ಇಲ್ಲದ, ಒಂದು ಸಾಲಿನ ಕೊನೆಯ ಮೇಲೆ ಮುಂದಿನದರ ಆರಂಭ ಏರಿಕೊಳ್ಳುವ ಇಂದಿನ ಶೈಲಿ ಹುಟ್ಟಿದ್ದು ಇದರಿಂದ. ಹಳೆಯ ಹಾಡಿನ ಬಗ್ಗೆ ಈ ಪದ ಕಂಡರೆ ತಿದ್ದುಪಡಿ ಎಂದು ಓದಿ, ಹೊಸದರ ಬಗ್ಗೆ ಕಂಡರೆ ರಚನೆಯ ಕ್ರಮ ಎಂದು ಓದಿ. ಈ ವಿಧಾನದಲ್ಲಿ ಹಾಡು ಮಾಡುವವರು ಅದನ್ನು ವೇದಿಕೆಯಲ್ಲಿ ಒಂದೇ ಉಸಿರಿನಲ್ಲಿ ಹೇಳಲಾದೀತೇ ಎಂದು ಬಿಡುಗಡೆಗೆ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಟೂ-ಟ್ರ್ಯಾಕ್ ಎಂಬುದು ಹಣದ ವಿಷಯವಾದ್ದರಿಂದ ಅದನ್ನು ಚೆನ್ನಾಗಿ ತಿಳಿದಿರಬೇಕು. ಹಲವು ಪಟ್ಟಿಗಳಲ್ಲಿ ಮುದ್ರಿಸಿದ್ದನ್ನು ಎಡ-ಬಲ ಎಂಬ ಎರಡೇ ಪಟ್ಟಿಯ ಟೇಪಿಗೆ ಇಳಿಸುತ್ತಿದ್ದರು. ಬೀಟ್ ಮಾರುವವರು ಇಂದಿಗೂ ಅಂಥ ಒಂದೇ ಸ್ಟೀರಿಯೊ ಫೈಲನ್ನು ಟೂ-ಟ್ರ್ಯಾಕ್ ಎನ್ನುತ್ತಾರೆ. ಅದರಲ್ಲಿ ಡ್ರಮ್ ಒಂದನ್ನೇ ತಗ್ಗಿಸಲು, ಬಾಸ್ ಒಂದನ್ನೇ ಏರಿಸಲು ಬರುವುದಿಲ್ಲ. ಪ್ರತಿ ವಾದ್ಯ ಬೇರೆಯಾಗಿ ಬೇಕಿದ್ದರೆ ಸ್ಟೆಮ್ ಅಥವಾ ಟ್ರ್ಯಾಕೌಟ್ ಎಂದು ಸ್ಪಷ್ಟವಾಗಿ ಕೇಳಿ, ಅದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಪಡೆಯಿರಿ.

ಸ್ಯಾಂಪಲ್‌ಗಳ ವಿಷಯದಲ್ಲಿ ವೇಗದ ಸಂಖ್ಯೆಗಳೂ ಅರ್ಥ ಹೊತ್ತಿವೆ. ಸ್ಯಾಂಪಲ್ ಹಿಡಿದು ನುಡಿಸುವ 1987ರ ಇ-ಮು ಎಸ್‌ಪಿ-1200 ಯಂತ್ರದ ನೆನಪಿನಲ್ಲಿ ಹಿಡಿಯುತ್ತಿದ್ದದ್ದು ಹತ್ತು ಸೆಕೆಂಡಿನಷ್ಟು ಧ್ವನಿ. ನಿರ್ಮಾಪಕರು 33ರ ತಟ್ಟೆಯನ್ನು 45ರ ವೇಗದಲ್ಲಿ ಓಡಿಸಿ ಮುದ್ರಿಸಿಕೊಂಡು, ಯಂತ್ರದೊಳಗೆ ಮತ್ತೆ ನಿಧಾನಗೊಳಿಸುತ್ತಿದ್ದರು. ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತ ಕೂರುತ್ತಿತ್ತು, ಜೊತೆಗೆ ಧ್ವನಿ ತುಸು ಒರಟಾಗುತ್ತಿತ್ತು. ಆ ಒರಟನ್ನು ಇಂದು ಧೂಳಿನ ಸದ್ದು ಎಂದು ಪ್ರೀತಿಯಿಂದ ಕರೆದು ತಂತ್ರಾಂಶದಲ್ಲಿ ಮರುಸೃಷ್ಟಿಸುತ್ತಾರೆ. ಮೂಲದಲ್ಲಿ ಅದು ಜಾಗದ ಕೊರತೆಯ ಫಲ.

ಡಿಜೆಗಳ ಪದಗಳಲ್ಲಿ ತೊಡಕು ಕಡಿಮೆ. ತಟ್ಟೆಗಳನ್ನು ಹೊರುತ್ತಿದ್ದ ಹಾಲಿನ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಕ್ರೇಟ್ ಎಂಬುದು ಬಂತು. ಡಿಜೆಗಳು ಬಳಸುವ ಸೆರಾಟೊ ತಂತ್ರಾಂಶದಲ್ಲಿ ಹಾಡಿನ ಕಡತಕೋಶವನ್ನು ಈಗಲೂ ಹಾಗೆಯೇ ಕರೆಯುತ್ತಾರೆ. ಆದರೆ ಕ್ರೇಟ್ ಡಿಗ್ಗಿಂಗ್ (ಪೆಟ್ಟಿಗೆಗಳಲ್ಲಿ ತಡಕಾಡಿ ಹಳೆಯ ತಟ್ಟೆ ಹುಡುಕುವುದು) ಎಂಬುದನ್ನು ಹುಡುಕು ಪಟ್ಟಿಯಲ್ಲಿ ಹೆಸರು ಒತ್ತಿ ಹಾಡು ತೆಗೆಯುವುದಕ್ಕೆ ಬಳಸುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಏನು ಸಿಗುತ್ತದೆ ಎಂದು ತಿಳಿಯದೆ ಹುಡುಕುವುದು ಆ ಕೆಲಸದ ಜೀವಾಳ.

ಪ್ಲಾಟಿನಂ ಮತ್ತು ಒಪ್ಪಂದ

ಅಮೆರಿಕದಲ್ಲಿ ಆರ್‌ಐಎಎ ಐದು ಲಕ್ಷಕ್ಕೆ ಗೋಲ್ಡ್, ಹತ್ತು ಲಕ್ಷಕ್ಕೆ ಪ್ಲಾಟಿನಂ, ಒಂದು ಕೋಟಿಗೆ ಡೈಮಂಡ್ ಎಂದು ಮಾನ್ಯತೆ ಕೊಡುತ್ತದೆ. ಏನನ್ನು ಎಣಿಸುತ್ತಾರೆ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಿದೆ. 1990ರ ದಶಕದಲ್ಲಿ ಎಣಿಕೆ ಅಂಗಡಿಗಳಿಗೆ ರವಾನೆಯಾದ ಪ್ರತಿಗಳದ್ದು. ನೂರು ನಿಮಿಷಕ್ಕಿಂತ ಉದ್ದದ ಜೋಡಿ ಸಿಡಿ ಆಲ್ಬಮ್ಮಿನಲ್ಲಿ ಪ್ರತಿ ಸಿಡಿಯನ್ನೂ ಬೇರೆಯಾಗಿ ಎಣಿಸುತ್ತಿದ್ದರು. ಹೀಗಾಗಿ ಟುಪಾಕ್‌ನ 1996ರ ಜೋಡಿ ಆಲ್ಬಮ್ಮಿನ ಅಂಕಿಯನ್ನು ಒಂದೇ ಸಿಡಿಯ ಆಲ್ಬಮ್ಮಿನ ಅಂಕಿಯ ಜೊತೆ ನೇರವಾಗಿ ಹೋಲಿಸಬಾರದು. 2016ರ ಫೆಬ್ರವರಿಯಿಂದ 1,500 ಸ್ಟ್ರೀಮ್‌ಗಳನ್ನು ಒಂದು ಆಲ್ಬಂ ಎಂದು ಎಣಿಸುತ್ತಿದ್ದಾರೆ. ಉದ್ದನೆಯ ಆಲ್ಬಮ್ಮಿಗೆ ಇದರಿಂದ ಅನುಕೂಲ, ಏಕೆಂದರೆ ಹಾಡು ಹೆಚ್ಚಾದಷ್ಟೂ ಸ್ಟ್ರೀಮ್ ಹೆಚ್ಚು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಹಾಡು ಸೇರಿಸಿ ಡಿಲಕ್ಸ್ ಎಂದು ಮತ್ತೆ ಬಿಡುವ ರೂಢಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ದಪ್ಪ ರಟ್ಟು, ಹೆಚ್ಚುವರಿ ಚಿತ್ರಪುಟಗಳ ವಿಶೇಷ ಪ್ರತಿಗೆ ಇದ್ದ ಹೆಸರು ಅದು. ಪ್ಲಾಟಿನಂ ಎಂದು ಬರೆಯುವಾಗ ಮಾನ್ಯತೆ ದೊರೆತ ವರ್ಷವನ್ನು ಬಿಡಬೇಡಿ.

ಹಳೆಯ ಪದಗಳಿಂದ ನಿಜವಾದ ಪೆಟ್ಟು ಬೀಳುವುದು ಒಪ್ಪಂದಪತ್ರದಲ್ಲಿ. ಡೆ ಲಾ ಸೋಲ್ ತಂಡದ 1989ರ ಮೊದಲ ಆಲ್ಬಂ ಸ್ಯಾಂಪಲ್‌ಗಳ ಮೇಲೆ ಕಟ್ಟಿದ ಕೃತಿ. ಅವುಗಳನ್ನು ಬಳಸಲು ಪಡೆದ ಅನುಮತಿಗಳ ಭಾಷೆ ತಟ್ಟೆ ಮತ್ತು ಕ್ಯಾಸೆಟ್ಟಿನ ಕಾಲದ್ದು, ಮುಂದೆ ಬರಬಹುದಾದ ಮಾಧ್ಯಮಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಇದರ ಫಲವಾಗಿ ಬೇರೆಲ್ಲರ ಸಂಗೀತ ಸ್ಟ್ರೀಮಿಂಗ್‌ನಲ್ಲಿ ಹರಿದಾಡುತ್ತಿದ್ದಾಗ ಈ ತಂಡದ ಆರಂಭದ ಆಲ್ಬಮ್‌ಗಳು ವರ್ಷಗಟ್ಟಲೆ ಅಲ್ಲಿ ಸಿಗಲಿಲ್ಲ. ಅವು ಬಂದದ್ದು 2023ರ ಮಾರ್ಚ್ 3ರಂದು. ತಂಡದ ಮೂವರಲ್ಲಿ ಒಬ್ಬನಾದ ಟ್ರುಗಾಯ್ ಅದಕ್ಕೆ ಮೂರು ವಾರವೂ ಇಲ್ಲದಂತೆ, ಫೆಬ್ರವರಿ 12ರಂದು, ತೀರಿಕೊಂಡಿದ್ದ.

ಆದ್ದರಿಂದ ಬೀಟ್ ಕೊಳ್ಳುವಾಗ, ಸ್ಯಾಂಪಲ್‌ಗೆ ಅನುಮತಿ ಪಡೆಯುವಾಗ, ಕಂಪನಿಯ ಜೊತೆ ಸಹಿ ಹಾಕುವಾಗ ರೆಕಾರ್ಡ್, ಪ್ರತಿ, ಮಿಕ್ಸ್‌ಟೇಪ್, ಆಲ್ಬಂ ಎಂಬ ಪ್ರತಿ ಪದದ ಕೆಳಗೆ ಗೆರೆ ಎಳೆದು, ಆ ಪತ್ರದಲ್ಲಿ ಅದಕ್ಕೆ ವ್ಯಾಖ್ಯೆ ಕೊಟ್ಟಿದ್ದಾರೆಯೇ ಎಂದು ನೋಡಿ. ಉಚಿತ ಮಿಕ್ಸ್‌ಟೇಪಿಗೆ ಮಾತ್ರ ಎಂದು ಪಡೆದ ಬೀಟ್ ಅನ್ನು ಹಣ ಬರುವ ಸ್ಟ್ರೀಮಿಂಗ್‌ಗೆ ಹಾಕಬಹುದೇ, ಎಷ್ಟು ಸ್ಟ್ರೀಮ್‌ವರೆಗೆ, ಎಷ್ಟು ವರ್ಷ ಎಂಬುದು ಅಂಕಿಗಳಲ್ಲಿ ಇರಬೇಕು. ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಿಗೂ ಅನ್ವಯ ಎಂಬ ಸಾಲು ಸ್ಯಾಂಪಲ್‌ನ ಅನುಮತಿಪತ್ರದಲ್ಲಿದ್ದರೆ ಹಾಡು ಮಾಡಿದವರಿಗೆ ರಕ್ಷಣೆ. ಅದೇ ಸಾಲು ಕಂಪನಿಗೆ ಹಕ್ಕು ಬಿಟ್ಟುಕೊಡುವ ಪತ್ರದಲ್ಲಿದ್ದರೆ, ಇನ್ನೂ ಹುಟ್ಟದ ಮಾಧ್ಯಮದ ಆದಾಯವನ್ನೂ ಇಂದೇ ಕೊಟ್ಟಂತೆ. ಅಲ್ಲಿ ಸಹಿ ಹಾಕುವ ಮೊದಲು ವಕೀಲರ ಮುಂದೆ ಆ ಪತ್ರವನ್ನು ಇಟ್ಟು ಕೇಳಿ.